ಎರಡನೇ ಕ್ಲಾಸಿನವರೆಗೆ

ದೆಹಲಿಯಲ್ಲಿ ಡಿಸೆಂಬರ್ ಮೂರನೆಯ ವಾರ ಬಂತೆಂದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಥರದ ಗಡಿಬಿಡಿ ಶುರುವಾಗುತ್ತದೆ. ಜನವರಿಯ ಮೊದಲೆರಡು ವಾರ ಸಾಮಾನ್ಯವಾಗಿ ಚಳಿಗಾಲದ ರಜೆ. ಅಷ್ಟರೊಳಗೆ ಆಗಬೇಕಾದ ಪಾಠಗಳನ್ನು ಟೀಚರುಗಳು ಮಂಜಿನ ನಡುವೆಯೇ ಓಡಿಸುತ್ತಾರೆ. ಮುಗಿಯದೆ ಉಳಿದದ್ದು ವರ್ಕ್‌ಶೀಟುಗಳಾಗಿ ಮನೆಗೆ ಬರುತ್ತದೆ. ನಮ್ಮ ಮನೆಗೂ ಬಂತು. ಮೊಮ್ಮಗ ಎರಡನೇ ಕ್ಲಾಸು. ಅವನ ಚೀಲ ಬಿಚ್ಚಿದರೆ ಹುಡುಗ ಶಾಲೆಗೆ ಹೊರಟವನೋ ಸಂಗೀತ ಕಛೇರಿಗೆ ಹೊರಟವನೋ ಎಂದು ಅನುಮಾನವಾಗಬೇಕು. ಎನ್‌ಸಿಇಆರ್‌ಟಿ 2023ರಲ್ಲಿ ತಂದ ಹೊಸ ಪುಸ್ತಕಗಳಲ್ಲಿ ಪುಟ್ಟ ಮಕ್ಕಳ ಇಂಗ್ಲಿಷ್ ಪುಸ್ತಕದ ಹೆಸರು 'ಮೃದಂಗ', ಹಿಂದಿ ಪುಸ್ತಕದ ಹೆಸರು 'ಸಾರಂಗಿ'. ಹಿಂದಿಗೆ ಸಾರಂಗಿ ಸರಿ, ಇಂಗ್ಲಿಷಿಗೆ ಮೃದಂಗ ಯಾಕೆ ಅಂತ ನನ್ನನ್ನು ಕೇಳಬೇಡಿ. ಒಟ್ಟಿನಲ್ಲಿ ಆ ಚೀಲದೊಳಗೆ ನಮ್ಮ ಕಡೆಯ ವಾದ್ಯ ಒಂದಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ. ಕನ್ನಡ ಮಾತ್ರ ಇರಲಿಲ್ಲ.

ಕನ್ನಡ ಕಲಿಸುವುದು ನನ್ನ ಪಾಲಿನ ಕೆಲಸ. ನಾನು 1983ರಲ್ಲಿ ಗುಂತಕಲ್ಲಿನಲ್ಲಿ ರೈಲು ಹತ್ತಿ ಈ ಊರಿಗೆ ಬಂದವನು. ಕೇಂದ್ರ ಸರ್ಕಾರದ ಲೆಕ್ಕಪತ್ರದ ಇಲಾಖೆಯೊಂದರಲ್ಲಿ ಕೂತು ಮೂವತ್ತಾರು ವರ್ಷ ಬೇರೆಯವರ ಲೆಕ್ಕ ತಿದ್ದಿದೆ. ಮಗನಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅದು ನನ್ನ ತಪ್ಪು. ಸೊಸೆ ಕಾನಪುರದವಳು. ನಿವೃತ್ತನಾದ ಮೇಲೆ, ಮಗನ ಹತ್ತಿರ ಮಾಡಿದ ತಪ್ಪನ್ನು ಮೊಮ್ಮಗನ ಹತ್ತಿರ ಮಾಡಬಾರದು ಎಂದು ಭಾನುವಾರ ಬೆಳಿಗ್ಗೆ ಬಿಸಿಲು ಬೀಳುವ ಬಾಲ್ಕನಿಯಲ್ಲಿ ಶಾಲೆ ತೆರೆದೆ. ಕಳೆದ ವರ್ಷ ಅಕ್ಷರಮಾಲೆ, ಕಾಗುಣಿತ ಮುಗಿಯಿತು. ಈ ವರ್ಷ ಚಳಿಗಾಲದ ರಜೆಯೊಳಗೆ ಕೊಟ್ಟೂರಿನಲ್ಲಿರುವ ಮುತ್ತಜ್ಜಿಗೆ, ಅಂದರೆ ನನ್ನ ತಾಯಿಗೆ, ಅವನೇ ಒಂದು ಕಾಗದ ಬರೆಯಬೇಕು ಎಂಬುದು ನಮ್ಮ ಒಪ್ಪಂದ.

ಮೊದಲ ಸಾಲಿನಲ್ಲೇ ಗಾಡಿ ನಿಂತಿತು. 'ಮುತ್ತಜ್ಜಿ' ಎನ್ನುವುದನ್ನು ಅವನು 'ಮುತತಜಜಿ' ಎಂದು ಬರೆದ. ತಪ್ಪೇನಿಲ್ಲ, ಒತ್ತಕ್ಷರ ಕಲಿಸಿಯೇ ಇರಲಿಲ್ಲ. ಆಗ ಕೂತು ಯೋಚಿಸಿದರೆ ನನಗೇ ಆಶ್ಚರ್ಯ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ! ಮಾವನನ್ನೂ ತಂಗಿಯನ್ನೂ ಬಿಟ್ಟರೆ ಇಡೀ ಮನೆಯೇ ಒತ್ತಕ್ಷರದ ಮೇಲೆ ನಿಂತಿದೆ. ಹಿಂದಿಯಲ್ಲಿ ನೋಡಿ: ದಾದಾ, ದಾದಿ, ನಾನಾ, ನಾನಿ, ಚಾಚಾ, ಬುವಾ. ಒಂದನೇ ಕ್ಲಾಸಿನ ಹುಡುಗ ಕಾಗುಣಿತ ಕಲಿತ ಮರುದಿನವೇ ಅರ್ಧ ಬಳಗದ ಹೆಸರು ಬರೆದುಬಿಡಬಹುದು. ಕನ್ನಡದ ಮಗುವಿಗೆ 'ಅಜ್ಜ' ಎಂದು ಬರೆಯಬೇಕಾದರೆ ಎರಡನೇ ಕ್ಲಾಸಿಗೆ ಬರಬೇಕು. 'ಕನ್ನಡ' ಎಂದು ಬರೆಯುವುದಕ್ಕೂ ಅಷ್ಟೆ. ಬಳ್ಳಾರಿಗೂ ಒತ್ತು ಬೇಕು, ಕೊಟ್ಟೂರಿಗೂ ಬೇಕು, ದಿಲ್ಲಿಗೂ ಬೇಕು. ದೆಹಲಿ ಎಂದು ಬರೆದು ಪಾರಾಗಬಹುದೇನೋ.

ನಮ್ಮ ಕಾಲದಲ್ಲಿ ಪಾಠದ ಕ್ರಮ ಹೀಗೇ ಇತ್ತು. ಒಂದನೇ ಕ್ಲಾಸಿನಲ್ಲಿ ಅಕ್ಷರ, ಕಾಗುಣಿತ. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ: ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು, ಸಜಾತೀಯ, ಆಮೇಲೆ ಬೇರೆ ಅಕ್ಷರದ ಒತ್ತು, ವಿಜಾತೀಯ. ಜೊತೆಗೆ ಮಗ್ಗಿ. ಈ ಕ್ರಮವನ್ನು ಯಾರು ಮಾಡಿದರು, ಎಷ್ಟು ಹಳೆಯದು ಎಂದು ಹುಡುಕುತ್ತ ಹೋದವನಿಗೆ ನಮ್ಮೂರ ಕಡೆಯದೇ ಒಂದು ವರದಿ ಸಿಕ್ಕಿತು. ಇನ್ನೂರು ವರ್ಷ ಹಿಂದಿನದು.

ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಅದು. ಅಲ್ಲಿಗೆ ಮೊದಲ ದೊಡ್ಡ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದ. 1822ರ ಜೂನಿನಲ್ಲಿ ಆತ ಎಲ್ಲ ಕಲೆಕ್ಟರುಗಳಿಗೆ ಆದೇಶ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ, ಎಣಿಸಿ ಬರೆಯಿರಿ. ಕೆಲವರು ಅಂಕಿ ತುಂಬಿ ಕಳಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಮಾತ್ರ 1823ರ ಆಗಸ್ಟ್ 17ರಂದು ಉದ್ದನೆಯ ಪತ್ರವನ್ನೇ ಬರೆದ. ಈತ ತೆಲುಗಿಗೆ ವ್ಯಾಕರಣ ಬರೆದ ಮನುಷ್ಯ. 1816ರಲ್ಲೇ ಅದು ಅಚ್ಚಾಗಿತ್ತು. ಹಾಗಾಗಿ ಶಾಲೆಯೊಳಗೆ ಇಣುಕಿ ನೋಡುವ ಕುತೂಹಲ ಅವನಿಗಿತ್ತು. ಈ ವರದಿಗಳನ್ನು ಧರಂಪಾಲ್ ಅವರು ಹೊರಗೆ ತೆಗೆದು 1983ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ನಾನು ದೆಹಲಿಗೆ ಬಂದ ವರ್ಷವೇ. ಆದರೆ ಅದನ್ನು ಓದಲಿಕ್ಕೆ ನನಗೆ ಮೊಮ್ಮಗ ಎರಡನೇ ಕ್ಲಾಸಿಗೆ ಬರಬೇಕಾಯಿತು.

ಲೆಕ್ಕದವನು ನಾನು, ಮೊದಲು ಅಂಕಿ ನೋಡಿದೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ವಿದ್ಯಾರ್ಥಿಗಳು 6,641. ಸಾವಿರಕ್ಕೆ ಏಳು ಮಂದಿಯೂ ಇಲ್ಲ. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, ಮರಾಠಿ 23, ಪರ್ಷಿಯನ್ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಬ್ರಾಹ್ಮಣರು ಮಾತ್ರ ಓದುವ ಪಾಠಶಾಲೆಗಳು 23. ತೆಲುಗು ಇಷ್ಟೇಕೆ ಎಂದು ಬೆರಗಾಗಬೇಡಿ. ಆಗಿನ ಬಳ್ಳಾರಿ ಜಿಲ್ಲೆಯೊಳಗೆ ಅನಂತಪುರವೂ ಇತ್ತು, ಅದು ಬೇರೆಯಾದದ್ದು 1882ರಲ್ಲಿ. ಈ 533ರಲ್ಲಿ ಒಂದಕ್ಕೂ ಸರ್ಕಾರದಿಂದ ಬಿಡಿಗಾಸು ಹೋಗುವುದಿಲ್ಲ ಎಂದು ಬರೆಯಲು ತನಗೆ ನಾಚಿಕೆಯಾಗುತ್ತದೆ ಎಂದು ಕ್ಯಾಂಬೆಲ್ ಒಪ್ಪಿಕೊಂಡಿದ್ದಾನೆ. ಮೊದಲು ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎನ್ನುತ್ತಾನೆ. ಕಾರಣವನ್ನೂ ಮುಚ್ಚಿಡುವುದಿಲ್ಲ: ವಿಲಾಯಿತಿ ಬಟ್ಟೆ ಬಂದು ನಮ್ಮ ನೇಕಾರರ ಕೈ ಬರಿದಾಯಿತು, ಮಗನನ್ನು ಶಾಲೆಗೆ ಕಳಿಸಿ ಅಯ್ಯನವರಿಗೆ ಕೊಡಲು ದುಡ್ಡಿಲ್ಲ.

ಇನ್ನು ಶಾಲೆಯೊಳಗೆ. ಮಗು ಐದನೇ ವರ್ಷಕ್ಕೆ ಸೇರುತ್ತದೆ. ಬೆಳಿಗ್ಗೆ ಆರಕ್ಕೇ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ. ಎರಡನೆಯವನ ಅಂಗೈ ಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದಂತೆಲ್ಲ ಒಂದೊಂದು ಹೆಚ್ಚು. (ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನು ಕೇಳಿದ್ದು: 'ಕೊನೆಯವನು ಮನೆಗೇ ವಾಪಸು ಹೋಗಬಹುದಿತ್ತಲ್ಲ?' ಸರಾಸರಿ ಶಾಲೆಗೆ ಹನ್ನೆರಡು ಹುಡುಗರು. ಕೊನೆಯವನ ಪಾಲಿಗೆ ಹತ್ತು ಏಟು. ಅವನ ಮಾತು ತಪ್ಪೆನಿಸಲಿಲ್ಲ.)

ಅಕ್ಷರವನ್ನು ಬಾಯಲ್ಲಿ ಕೂಗಿ ಕಲಿಸುವುದಲ್ಲ, ಬೆರಳಿನಿಂದ ಮರಳಲ್ಲಿ ಬರೆಸಿ ಕಲಿಸುವುದು. ಕೈ ಕುದುರಿದ ಮೇಲೆ ಹಲಗೆ ಅಥವಾ ಕಡತ. ಹಲಗೆ ಎಂದರೆ ಅನ್ನ ಮತ್ತು ಇದ್ದಿಲು ಪುಡಿ ಸವರಿದ ಮೂರಡಿ ಮರದ ಪಟ್ಟಿ. ಕಡತ ಎಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆಯನ್ನು ಪುಸ್ತಕದ ಹಾಗೆ ಮಡಿಸಿ, ಇದ್ದಿಲು-ಅಂಟು ಬಳಿದು ಕಪ್ಪು ಮಾಡಿದ್ದು. ಅದರ ಮೇಲೆ ಬಳಪದಲ್ಲಿ ಬರೆದು ಒರೆಸಬಹುದು. ಬಳಪ ಅಂದರೆ ನಮ್ಮ ಹೊಯ್ಸಳರ ಗುಡಿಗಳನ್ನು ಕೆತ್ತಿದ್ದಾರಲ್ಲ, ಅದೇ ಜಾತಿಯ ಮೆದು ಕಲ್ಲು. ಈ ಕಡತ ಎಂಬ ಶಬ್ದ ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಇವತ್ತು ಬೆಂಗಳೂರಿನ ವಿಧಾನಸೌಧದಲ್ಲಿ ಫೈಲಿಗೆ ಕಡತ ಎನ್ನುತ್ತಾರೆ. ಕಡತ ಯಜ್ಞ ಎನ್ನುತ್ತಾರೆ, ಕಡತ ವಿಲೇವಾರಿ ಎನ್ನುತ್ತಾರೆ. ಮಗುವಿನ ಸ್ಲೇಟು ಬೆಳೆದು ಸರ್ಕಾರದ ಫೈಲಾಗಿದೆ. ಮೂವತ್ತಾರು ವರ್ಷ ಆ ಪದಾರ್ಥವನ್ನೇ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸಿದವನಿಗೆ ಅದರ ಹುಟ್ಟು ಗೊತ್ತಿರಲಿಲ್ಲ.

ಅಕ್ಷರ ಬಂದ ಮೇಲೆ ಕಾಗುಣಿತ, ಕೂಡಕ್ಷರ. ಆಮೇಲೆ ಮನುಷ್ಯರ ಹೆಸರು, ಊರಿನ ಹೆಸರು, ಪ್ರಾಣಿಗಳ ಹೆಸರು ಬರೆಯುವುದು. ಆಮೇಲೆ ಅಂಕಿ, ಒಂದರಿಂದ ನೂರು, ಕೂಡಿಸುವ ಕೋಷ್ಟಕ, ದುಡ್ಡಿನ ಸಣ್ಣ ಲೆಕ್ಕ. ಅಲ್ಲಿಗೆ ಹುಡುಗನಿಗೆ ಸುಮಾರು ಎರಡನೇ ಕ್ಲಾಸಿನ ವಯಸ್ಸು ಎಂದಿಟ್ಟುಕೊಳ್ಳಿ. ಆಮೇಲೆ ಬಹಳ ಶ್ರಮಪಟ್ಟು ಕಲಿಸುವುದು ಭಿನ್ನರಾಶಿ ಎನ್ನುತ್ತಾನೆ ಕ್ಯಾಂಬೆಲ್, ಮತ್ತು ಅದು ಹತ್ತು-ಹತ್ತಾಗಿ ಇಳಿಯುವುದಿಲ್ಲ, ನಾಲ್ಕು-ನಾಲ್ಕಾಗಿ ಇಳಿಯುತ್ತದೆ.

ನಾಲ್ಕು-ನಾಲ್ಕಾಗಿ. ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ಅರೆ ಮತ್ತು ಮುಕ್ಕಾಲು ನಡುವಿನ ಮೆಟ್ಟಿಲುಗಳು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಸೇರಿಗೆ ನಾಲ್ಕು ಪಾವು, ಹದಿನಾರು ಚಟಾಕು. ಪೇಟೆಯೇ ನಾಲ್ಕರ ಮೇಲೆ ನಡೆಯುತ್ತಿದ್ದಾಗ ಶಾಲೆಯೂ ನಾಲ್ಕರ ಮೇಲೇ ನಡೆಯಬೇಕು. ಆರೇಳು ವರ್ಷದ ಹುಡುಗನಿಗೆ ಇದು ಕಷ್ಟ ಅಂತೀರಾ? ರೊಟ್ಟಿ ಮುರಿಯಲು ಬಂದವನಿಗೆ ಕಾಲು ಗೊತ್ತು. ಹತ್ತು ಭಾಗ ಮಾಡಲು ಯಾರಿಗೆ ಬರುತ್ತದೆ?

ಸರಿಯಾಗಿ ಇದೇ ಹೊತ್ತಿಗೆ ಮೊಮ್ಮಗನ ಗಡಿಯಾರದ ವರ್ಕ್‌ಶೀಟು ಬಂತು. ಆರು ಗಡಿಯಾರ, ಆರು ವೇಳೆ ಬರೆಯಬೇಕು. ಹನ್ನೊಂದು ಮುಕ್ಕಾಲು ತೋರಿಸುವ ಗಡಿಯಾರದ ಕೆಳಗೆ ಅವನು ಇಂಗ್ಲಿಷಿನಲ್ಲಿ 'ಕ್ವಾರ್ಟರ್ ಟು ಇಲೆವೆನ್' ಎಂದು ಬರೆದು ಕೆಂಪು ಗೀಟು ತಂದಿದ್ದ. ತಪ್ಪಾಗಿದ್ದು ಎಲ್ಲಿ ಎಂದು ನೋಡಿದರೆ ತಪ್ಪು ನನ್ನದೇ. ಬೆಳಗಾದರೆ ನನ್ನ ಬಾಯಲ್ಲಿ 'ಏಳೂ ಮುಕ್ಕಾಲಾಯ್ತು, ಬಸ್ಸು ಬರುತ್ತೆ' ಎಂದು ಕೇಳುತ್ತಾನೆ. ಅವನ ಅಮ್ಮ ಅದೇ ವೇಳೆಗೆ 'ಪೌನೇ ಆಠ್' ಎನ್ನುತ್ತಾಳೆ. ಹಿಂದಿ, ಇಂಗ್ಲಿಷುಗಳು ಬರಲಿರುವ ಗಂಟೆಯಿಂದ ಕಾಲನ್ನು ಕಳೆಯುತ್ತವೆ. ಕನ್ನಡ ಆಗಿಹೋದ ಗಂಟೆಗೆ ಮೂರು ಕಾಲನ್ನು ಕೂಡಿಸುತ್ತದೆ. ಹುಡುಗ ಕನ್ನಡದಲ್ಲಿ ಕೂಡಿಸಿ ಇಂಗ್ಲಿಷಿನಲ್ಲಿ ಕಳೆದ. ಒಂದು ಗಂಟೆ ಹಿಂದೆ ಬಿದ್ದ. ಮೂರು ಭಾಷೆಯ ಮನೆಯಲ್ಲಿ ಇಷ್ಟು ನಷ್ಟ ಸಹಜ. ಸೊಸೆ ಮಾತ್ರ ಬೇರೊಂದು ನೆನಪು ತೆಗೆದಳು. ಅವಳ ತಾತನಿಗೆ ಪೌನಾ, ಸವೈಯಾ, ಡೇಢಾ, ಢೈಯಾ ಪಹಾಡಾಗಳು ಬಾಯಿಪಾಠವಂತೆ: ಮುಕ್ಕಾಲಿನ ಮಗ್ಗಿ, ಒಂದೂಕಾಲಿನ ಮಗ್ಗಿ, ಒಂದೂವರೆ, ಎರಡೂವರೆಯ ಮಗ್ಗಿ. ಅಂದರೆ ಕಾನಪುರದ ಹುಡುಗನೂ ಕೊಟ್ಟೂರಿನ ಹುಡುಗನೂ ಒಂದೇ ಏಣಿ ಹತ್ತಿದವರು. ನಾನು ನಲವತ್ತು ವರ್ಷದಿಂದ 'ಉತ್ತರದವರು, ಉತ್ತರದವರು' ಎನ್ನುತ್ತಿದ್ದೆ.

ನನಗೆ ಆ ಮಗ್ಗಿ ಬರುವುದಿಲ್ಲ. ಬರಲಿಕ್ಕೆ ಸಾಧ್ಯವಿಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ರೂಪಾಯಿಗೆ ನೂರು. ತೂಕ-ಅಳತೆಯ ಕಾಯ್ದೆ ಅದರ ಹಿಂದಿನ ವರ್ಷವೇ ಆಗಿತ್ತು. ನಾನು ಹುಟ್ಟಿದ್ದು 1959ರಲ್ಲಿ. ಶಾಲೆಗೆ ಹೋಗುವ ಹೊತ್ತಿಗೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಹೇಳಿಸುವವರೇ ಇರಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಮುತ್ತಾತನ ಹತ್ತಿ ವ್ಯಾಪಾರದ ಲೆಕ್ಕದ ಪುಸ್ತಕ ಒಂದಿದೆ. ನಿವೃತ್ತನಾದ ವರ್ಷ ಊರಿಗೆ ಹೋದಾಗ ಬಿಚ್ಚಿ ನೋಡಿದೆ. ಕನ್ನಡ ಅಂಕಿಯ ಪಕ್ಕದಲ್ಲಿ ಬರೀ ಗೀಟುಗಳು. ಕೆಲವು ನೆಟ್ಟಗೆ, ಕೆಲವು ಓರೆ. ಲೆಕ್ಕದ ಇಲಾಖೆಯಿಂದ ಪಿಂಚಣಿ ತಿನ್ನುವ ನನಗೆ ನನ್ನ ಮುತ್ತಾತನ ಒಂದು ಪುಟದ ಮೊತ್ತ ತೆಗೆಯಲು ಆಗಲಿಲ್ಲ. ಹಿಂದಿನಿಂದ ಅಮ್ಮ ಬಂದು ಕನ್ನಡಕ ಏರಿಸಿ, 'ಏಳು ರೂಪಾಯಿ ಹದಿನಾಕಾಣೆ, ಅಷ್ಟೂ ಗೊತ್ತಾಗವಲ್ದೇನು?' ಅಂದಳು. ನೆಟ್ಟಗಿನ ಗೀಟು ಒಂದಕ್ಕೆ ಕಾಲು, ಅಂದರೆ ನಾಲ್ಕಾಣೆ. ಮೂರು ಗೀಟು, ಹನ್ನೆರಡಾಣೆ. ಓರೆ ಗೀಟು ಒಂದಕ್ಕೆ ವೀಸ, ಒಂದಾಣೆ, ಎರಡಿವೆ. ಒಟ್ಟು ಹದಿನಾಲ್ಕು. ಈ ಗೀಟುಗಳನ್ನು ಕನ್ನಡದಲ್ಲಿ ಮಾತ್ರವಲ್ಲ, ಮೋಡಿ, ದೇವನಾಗರಿ, ಗುಜರಾತಿ ಲೆಕ್ಕಗಳಲ್ಲೂ ಬರೆಯುತ್ತಿದ್ದರು. ಶಾಲೆಯಿಂದ ಹೊರಗೆ ಬಿದ್ದ ಇವುಗಳಿಗೆ 2009ರಲ್ಲಿ ಯೂನಿಕೋಡಿನಲ್ಲಿ ಜಾಗ ಸಿಕ್ಕಿದೆ. ಕಂಪ್ಯೂಟರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ.

ಅಮ್ಮನಿಗೆ ಹೇಗೆ ಗೊತ್ತು ಎಂದು ಅವತ್ತು ನಾನು ಕೇಳಲಿಲ್ಲ. ಹಳಬರಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದೆ. ಈ ಡಿಸೆಂಬರಿನಲ್ಲಿ, ಮೊಮ್ಮಗನ ಒತ್ತಕ್ಷರದ ನೆಪದಲ್ಲಿ ಫೋನು ಮಾಡಿದಾಗ ಕೇಳಿದೆ.

ಅಮ್ಮ ಹುಟ್ಟಿದ್ದು 1937ರಲ್ಲಿ. ಬಳ್ಳಾರಿ ಜಿಲ್ಲೆ ಆಗಿನ್ನೂ ಮದರಾಸಿನ ಕೆಳಗೇ. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. (ಕೊಟ್ಟೂರು 2021ರಿಂದ ವಿಜಯನಗರ ಜಿಲ್ಲೆ. ಒಂದೇ ಮನೆಯಲ್ಲಿ ಕೂತು ಅಮ್ಮ ಎಷ್ಟು ಸರ್ಕಾರ ನೋಡಿದಳು ನೋಡಿ.) ಒಂದನೇ ಕ್ಲಾಸು ಮುಗಿಸಿ ಎರಡನೇ ಕ್ಲಾಸಿಗೆ ಬಂದಿದ್ದಳು. ಮಾಸ್ತರರು ಹಳೇ ಕಾಲದವರು. ಅಂಕಿಯ ಮಗ್ಗಿಯ ಜೊತೆಗೇ ಕಾಲು, ಅರೆ, ಮುಕ್ಕಾಲು ಹೇಳಿಸುತ್ತಿದ್ದರು. ಫೋನಿನಲ್ಲೇ ಹೇಳಿ ತೋರಿಸಿದಳು: 'ಮುಕ್ಕಾಲು ಏಳ್ಲೆ ಐದೂಕಾಲು, ಮುಕ್ಕಾಲು ಎಂಟ್ಲೆ ಆರು, ಮುಕ್ಕಾಲು ಒಂಬತ್ಲೆ ಆರೂ ಮುಕ್ಕಾಲು.' ಒಂದು ಕಡೆಯೂ ತಡವರಿಸಲಿಲ್ಲ. ಎಂಬತ್ತು ವರ್ಷದ ಹಿಂದೆ ಕಲಿತದ್ದು.

'ಒತ್ತಕ್ಷರನೂ ಆಗ್ಲೇ ಕಲಿಸಿದ್ರೇನಮ್ಮಾ?' ಅಂದೆ.

'ಅರ್ಧ ಆಗಿತ್ತು. ಸಂಕ್ರಾಂತಿಗೆ ರಜಾ ಕೊಟ್ರು. ಹಬ್ಬ ಆದಮ್ಯಾಗೆ ಬ್ಯಾಡ ಅಂದ್ರು ಮನ್ಯಾಗ. ತಮ್ಮ ಹುಟ್ಟಿದ್ದ, ತೊಟ್ಲ ತೂಗಾಕ ಯಾರಿದ್ರು?'

ಇಷ್ಟೇ ಹೇಳಿದಳು. ದುಃಖದ ದನಿಯಲ್ಲಲ್ಲ, ಯಾರದೋ ಮನೆಯ ವಿಷಯ ಹೇಳಿದ ಹಾಗೆ. ನನಗೆ ಮಾತ್ರ ಕೈಯಲ್ಲಿ ಫೋನು ಹಿಡಿದಿದ್ದೇನೆಂಬುದೂ ಮರೆಯಿತು. ಏಕೆಂದರೆ 'ಅರ್ಧ ಆಗಿತ್ತು' ಎಂಬ ಮಾತಿನ ಅರ್ಥ ನನಗೊಬ್ಬನಿಗೇ ಗೊತ್ತು.

1983ರಿಂದ ಸುಮಾರು ಹದಿನೈದು ವರ್ಷ, ಊರಿನ ಮನೆಗೆ ಫೋನು ಬರುವವರೆಗೆ, ಅಮ್ಮ ನನಗೆ ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದಳು. ಅಪ್ಪ ಬರೆದದ್ದರ ಕೆಳಗೆ ನಾಲ್ಕು ಸಾಲು. ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಹಬ್ಬ, ಬೆಲ್ಲ, ರೊಟ್ಟಿ ಎಲ್ಲ ಸರಿಯಾಗಿರುತ್ತಿತ್ತು. ಆದರೆ ಪತ್ರ ಎಂಬುದು 'ಪತರ', ಪುಸ್ತಕ 'ಪುಸತಕ', ಕಷ್ಟ 'ಕಸಟ', ಆಸ್ಪತ್ರೆ 'ಆಸಪತರೆ'. ಗೋಲ್ ಮಾರ್ಕೆಟ್ಟಿನ ಬಾಡಿಗೆ ಕೋಣೆಯಲ್ಲಿ ಮೂವರು ಕನ್ನಡದ ಹುಡುಗರಿದ್ದೆವು. ಕಾಗದ ಬಂದರೆ ಗಟ್ಟಿಯಾಗಿ ಓದುವ ವಾಡಿಕೆ. 'ಆಸಪತರೆ'ಗೆ ನಾವು ಮೂವರೂ ನಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪನಿಗೆ ಹುಷಾರಿಲ್ಲದಾಗ ಬಂದ ಕಾಗದ ಅದು. ಹಳ್ಳಿಯ ಹೆಂಗಸು, ಉಚ್ಚಾರ ಹೇಗೋ ಬರಹ ಹಾಗೆ ಎಂದು ನಾನು ತೀರ್ಮಾನಿಸಿದ್ದೆ. ಉಚ್ಚಾರ ಅಲ್ಲ. ಸಜಾತೀಯ ಒತ್ತಕ್ಷರ ಮುಗಿದಿತ್ತು, ವಿಜಾತೀಯ ಶುರುವಾಗಿರಲಿಲ್ಲ. ಅವಳ ಶಾಲೆ ನಿಂತ ಜಾಗ ಪ್ರತಿ ಕಾಗದದಲ್ಲೂ ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು, ನಾನು ಓದಲಿಲ್ಲ.

ಕ್ಯಾಂಬೆಲ್‌ನ ಅಂಕಿಗಳಿಗೆ ಮತ್ತೆ ಹೋದೆ. ಮೊದಲ ಸಲ ನೋಡುವಾಗ ಹಾರಿಸಿಬಿಟ್ಟಿದ್ದ ಒಂದು ಕಲಂ ಇತ್ತು. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ನೂರಕ್ಕೆ ಒಬ್ಬಳೂ ಇಲ್ಲ. ಆ ಹಳೆಯ ಶಾಲೆಗಳು ಬಹಳ ಸುಂದರವಾಗಿದ್ದವು ಎಂದು ಈಗ ಭಾಷಣ ಮಾಡುವವರಿದ್ದಾರೆ. ಒಬ್ಬರಿಗೊಬ್ಬರು ಕಲಿಸುವ ಪದ್ಧತಿ, ಮರಳಿನ ಬರಹ, ಕಡಿಮೆ ಖರ್ಚು ಎಲ್ಲ ನಿಜ. ಕಂಪನಿ ಸರ್ಕಾರ ಅವುಗಳ ಬೇರಿಗೆ ನೀರು ಹಾಕಲಿಲ್ಲ ಎಂಬುದೂ ನಿಜ. ಆದರೆ 9 ಲಕ್ಷ ಜನರ ಸೀಮೆಯಲ್ಲಿ 60 ಹುಡುಗಿಯರು. ಅಲ್ಲಿಂದ ನೂರ ಇಪ್ಪತ್ತು ವರ್ಷದ ಮೇಲೂ ಕೊಟ್ಟೂರಿನ ಒಬ್ಬ ಹುಡುಗಿಗೆ ಸಿಕ್ಕಿದ್ದು ಒಂದೂವರೆ ವರ್ಷ.

ಆ ಒಂದೂವರೆ ವರ್ಷದ ಬಂಡವಾಳದಲ್ಲಿ ಅಮ್ಮ ಏನೇನು ಮಾಡಿದಳು ಎಂದು ಲೆಕ್ಕ ಹಾಕುತ್ತಿದ್ದೇನೆ. ಹಾಲಿನ ಲೆಕ್ಕ, ಆಳಿನ ಲೆಕ್ಕ, ಕೋರಿನ ಜಮೀನಿನಿಂದ ಬರಬೇಕಾದ ಜೋಳದ ಚೀಲ. ಅಪ್ಪ ತೀರಿಕೊಂಡ ಮೇಲೆ ಬ್ಯಾಂಕಿನ ಪಾಸ್‌ಬುಕ್ಕು. ದಿನಪತ್ರಿಕೆಯನ್ನು ಬೆರಳಿಟ್ಟು ಪೂರ್ತಿ ಓದುತ್ತಾಳೆ. ಓದಲು ಬರುವ ವಿಜಾತೀಯ ಒತ್ತು ಬರೆಯಲು ಮಾತ್ರ ಕೈ ಏಳುವುದಿಲ್ಲವಂತೆ. 'ಯಾರೂ ಕೈ ಹಿಡಿದು ತಿದ್ದಿಸ್ಲಿಲ್ಲ ನೋಡು' ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಹೊರನಾಡಿನ ಕನ್ನಡಿಗರೆಂದು ನಮ್ಮನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತಾರೆ, ಆದರೆ ಎರಡನೇ ಕ್ಲಾಸಿನ ವಿಷಯದಲ್ಲಿ ನಾವೆಲ್ಲ ಒಂದೇ ಅಲ್ಲ. ಮಹಾರಾಷ್ಟ್ರದಲ್ಲಿ 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿ ಸಂಸ್ಥೆ ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಮಾಡುತ್ತ ಬಂದಿದೆ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯ ಕನ್ನಡ ಶಾಲೆಗಳ ಮಕ್ಕಳಿಗೆ ಅದೇ ಪುಸ್ತಕ. ಮುಂಬಯಿಯಲ್ಲಿ ನಮ್ಮವರು ಹೋಟೆಲಿನ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನೇ ಕಟ್ಟಿದರು. ಮೊಗವೀರರ ರಾತ್ರಿಶಾಲೆ 1908ರದು. ಹಗಲು ತಟ್ಟೆ ತೊಳೆದು ರಾತ್ರಿ ಒತ್ತಕ್ಷರ ತಿದ್ದಿದವರಲ್ಲಿ ಎಷ್ಟೋ ಜನ ವಕೀಲರಾದರು, ಮಾಲೀಕರಾದರು. ದೆಹಲಿಗೆ ಬಂದವರು ಹಾಗಲ್ಲ. ನಾವು ಓದು ಮುಗಿಸಿಕೊಂಡೇ ರೈಲು ಹತ್ತಿದವರು. ಲೋದಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ಇದೆ, ಹತ್ತಿರವಿದ್ದವರಿಗೆ ಅನುಕೂಲ. ಯಮುನೆಯ ಆಚೆ ಇರುವ ನನ್ನಂಥವರಿಗೆ ಬಾಲ್ಕನಿಯೇ ಶಾಲೆ.

ಬಾಲ್ಕನಿ ಶಾಲೆಯಲ್ಲಿ ಈ ಮಧ್ಯೆ ಒಂದು ಬೆಳವಣಿಗೆ ಆಗಿತ್ತು. ನಾನು ಹೇಳಿಕೊಟ್ಟ ಸಜಾತೀಯ ಒತ್ತುಗಳನ್ನು ಮೊಮ್ಮಗ ಅವನ ಅಮ್ಮನಿಗೆ ಕಲಿಸಲು ಶುರು ಮಾಡಿದ್ದ. ಕಾನಪುರದವಳು ಚಪಾತಿ ಲಟ್ಟಿಸುತ್ತ ಹಿಟ್ಟಿನ ಮೇಲೆ ಬೆರಳಿನಿಂದ 'ಕ್ಕ' ಬರೆಯುತ್ತಾಳೆ, ಇವನು ತಿದ್ದುತ್ತಾನೆ. ಕಲಿಸಿದ್ದರಿಂದ ಅವನ ತಪ್ಪುಗಳೇ ಕಡಿಮೆಯಾದವು. ಬಳ್ಳಾರಿಯ ಶಾಲೆಗಳಲ್ಲಿ ಕ್ಯಾಂಬೆಲ್ ಮೆಚ್ಚಿದ್ದೂ ಇದನ್ನೇ: ಮುಂದಿನ ಹುಡುಗ ಹಿಂದಿನ ಹುಡುಗನಿಗೆ ಕಲಿಸುತ್ತಾನೆ, ಕಲಿಸುತ್ತ ತಾನೂ ಗಟ್ಟಿಯಾಗುತ್ತಾನೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ನ್ಯಾಯವೇ ಎನ್ನುತ್ತಾನೆ. ಅನುಕರಣೆಯ ಕಥೆಯೂ ನಿಜ. ಮದರಾಸಿನ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು 1789ರ ಸುಮಾರಿಗೆ ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಇಲ್ಲಿನ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅಳವಡಿಸಿದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಅಲ್ಲಿ ಅದಕ್ಕೆ 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಸ್ಕಾಟ್ಲೆಂಡಿನಲ್ಲಿ ಇವತ್ತಿಗೂ ಮದರಾಸು ಕಾಲೇಜು ಎಂಬ ಶಾಲೆ ಇದೆ. ಚಪಾತಿ ಹಿಟ್ಟಿನ ಪದ್ಧತಿಗೆ ಏನು ಹೆಸರಿಡಬೇಕೋ ಗೊತ್ತಿಲ್ಲ.

ಶಾಲೆ ಮುಚ್ಚುವ ಹಿಂದಿನ ಭಾನುವಾರ ಕಾಗದ ಮುಗಿಯಿತು. ಹನ್ನೊಂದು ಸಾಲು. 'ಮುತ್ತಜ್ಜಿಗೆ ನಮಸ್ಕಾರ' ಎಂದು ಶುರು ಮಾಡಬೇಕಿತ್ತು. 'ಸ್ಕ' ಅವನಿಗೆ ಇನ್ನೂ ಬಂದಿರಲಿಲ್ಲ. ನಾನು ಕೈ ಹಿಡಿಯಲು ಹೋದೆ, ಆಮೇಲೆ ಬೇಡ ಅನಿಸಿತು. ಅವನಿಗೆ ಬರುವಷ್ಟರಲ್ಲೇ ಬರೆದ: ಇಲ್ಲಿ ಚಳಿ ಇದೆ, ಮಂಜು ಇದೆ, ಅಮ್ಮ ಕಡಲೆ ಬೆಲ್ಲದ ಚಿಕ್ಕಿ ಮಾಡಿದಳು, ಅಜ್ಜ ಟೋಪಿ ಹಾಕಿಕೊಂಡೇ ನಿದ್ದೆ ಮಾಡುತ್ತಾನೆ, ನನಗೆ ಹನ್ನೊಂದು ಮುಕ್ಕಾಲು ತಪ್ಪಾಯಿತು. ಒಂದು ಕಡೆ 'ಮುಕ್ಕಾಲು' ಬರೆಯುವಾಗ ಒತ್ತು ಮರೆತು, ಮೇಲೆ ಬಾಣದ ಗುರುತು ಹಾಕಿ ಸೇರಿಸಿದ್ದ. ಲಕೋಟೆಯ ಮೇಲೆ ಕೊಟ್ಟೂರು ಎಂದು ಅವನೇ ಬರೆದ. ಪಿನ್ ಕೋಡು ನಾನು.

ಕಾಗದ ತಲುಪಿದ್ದು ರಜೆಯ ಎರಡನೇ ವಾರ, ಸಂಕ್ರಾಂತಿಯ ಮುಂಚೆ. ಅಮ್ಮ ಫೋನು ಮಾಡಿದಳು. ನನ್ನ ಹತ್ತಿರ ಮಾತಾಡಲಿಲ್ಲ, ಅವನಿಗೇ ಕೊಡು ಅಂದಳು. ಪೂರ್ತಿ ಓದಿದೆ ಎಂದಳು. ಮುಕ್ಕಾಲಿನ ಬಾಣದ ಗುರುತನ್ನೂ ಬಿಡಲಿಲ್ಲ. ಆಮೇಲೆ ಕೇಳಿದಳು: 'ನಿಮ್ಮ ಶಾಲ್ಯಾಗ ಮುಂದಿನ ಒತ್ತು ಯಾವಾಗ?'

'ರಜಾ ಮುಗಿದ ಮೇಲೆ. ಸ್ತ, ತ್ರ, ಷ್ಟ.'

'ಹಂಗಾದ್ರ ದೊಡ್ಡದಾಗಿ ಬರದು ಕಳಸು. ಒಂದೊಂದು ಹಾಳಿಗೆ ಒಂದೊಂದು. ನಂಗ ಕಣ್ಣು ಸಣ್ಣದು ಕಾಣಂಗಿಲ್ಲ. ನಾನು ಮುಕ್ಕಾಲು ಮಗ್ಗಿ ಬರದು ಕಳಸ್ತೀನಿ.'

ಹುಡುಗ ಡ್ರಾಯಿಂಗ್ ಹಾಳೆ ಬೇಕೆಂದು ಕೂತಿದ್ದಾನೆ. ಸ್ಕೆಚ್ ಪೆನ್ನು ಕಪ್ಪೋ ಕೆಂಪೋ ಎಂಬ ಚರ್ಚೆ ನಡೆದಿದೆ. ಮೊದಲ ಹಾಳೆಗೆ 'ಆಸ್ಪತ್ರೆ' ಬೇಡ, 'ಪುಸ್ತಕ' ಇರಲಿ ಎಂದು ನಾನು ಹೇಳಿದ್ದೇನೆ. ಯಾಕೆ ಎಂದು ಅವನು ಕೇಳಿದ, ಇನ್ನೂ ಹೇಳಿಲ್ಲ.